ಅದ್ರಾಗೆ ರಿಯಾಕ್ಟ್ ಐತಾ?

ತಳಕು ದಾಟಿದರೆ ಬಸ್ಸಿನಲ್ಲಿ ನೆಟ್ ಸಿಗುವುದಿಲ್ಲ. ದಿವ್ಯಶ್ರೀ ಅಷ್ಟರೊಳಗೆ ತೀರ್ಮಾನಿಸಬೇಕಿತ್ತು. ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಮೊಳಕಾಲ್ಮೂರಿನ ನೇಕಾರರ ಸಂಘಕ್ಕಾಗಿ ಅವಳು ಮಾಡಿದ್ದ ವೆಬ್‌ಸೈಟು ಎರಡು ರೂಪದಲ್ಲಿತ್ತು, ಹಳೆಯದು ಮತ್ತು ಹೊಸದು. ವಿಳಾಸ ಮಾತ್ರ ಒಂದೇ. ಅವಳು ಯಾವುದನ್ನು ಏರಿಸುತ್ತಾಳೋ ಹನ್ನೊಂದು ಗಂಟೆಗೆ ಸಂಘದವರು ಅದನ್ನೇ ನೋಡುತ್ತಾರೆ. ನೋಡಿ, ಸೀರೆ ಮಾರುವ ಸೈಟಿನ ಕೆಲಸ ಅವಳಿಗೋ ದುರ್ಗದ ಕಂಪನಿಗೋ ಎಂದು ಅಲ್ಲೇ ಹೇಳುತ್ತಾರೆ.

"ಹಳೇದೇ ಹಾಕೇ," ಎಂದಳು ಪಕ್ಕದಲ್ಲಿದ್ದ ಶ್ರುತಿ. ಚಳ್ಳಕೆರೆಯಲ್ಲಿ ಬಿಸಿಎ ಓದುವಾಗ ಇಬ್ಬರದೂ ಒಂದೇ ಬೆಂಚು. ಈಗ ಅವಳು ತಳಕಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. "ನೋಡ್, ಇದ್ರಲ್ಲಿರೋ ಸಾಫ್ಟ್‌ವೇರ್ ಎಕ್ಸ್‌ಪ್ರೆಸ್ ಒಂದೇ. ಪುಟ ಸರ್ವರಲ್ಲೇ ತಯಾರಾಗಿ ಬರ್ತೈತೆ. ನಮ್ಮಜ್ಜಿ ಡಬ್ಬಾ ಫೋನಲ್ಲೂ ತೆರೀತು. ಇನ್ನೇನು ಬೇಕು?"

"ನೋಡೋಕೆ ರೇಷನ್ ಅಂಗಡಿ ಬೋರ್ಡ್ ಇದ್ದಂಗೈತೆ ಕಣೇ."

"ಸೀರೆ ಚೆನ್ನಾಗಿ ಕಾಣ್ತಾವಲ್ಲ. ಬೋರ್ಡ್ ಯಾರು ಉಟ್ಕೋತಾರೆ?"

ದಿವ್ಯಶ್ರೀ ನಗಲಿಲ್ಲ. ಹೋದ ವಾರ ಸಂಘದ ಕಾರ್ಯದರ್ಶಿ ಸಾಯಿಕುಮಾರ್ ಫೋನ್ ಮಾಡಿ, "ಅಲ್ಲಮ್ಮ, ಅದ್ರಾಗೆ ರಿಯಾಕ್ಟ್ ಐತಾ?" ಎಂದು ಕೇಳಿದ್ದರು. ರಿಯಾಕ್ಟ್ ಎಂಬುದು ವೆಬ್‌ಸೈಟು ಕಟ್ಟುವ ಒಂದು ಸಲಕರಣೆ ಎಂದೂ ಅವರಿಗೆ ಗೊತ್ತಿರಲಿಲ್ಲ. ದುರ್ಗದ ಕಂಪನಿಯ ಪತ್ರದಲ್ಲಿ ಆ ಹೆಸರಿತ್ತು. ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. "ಐತೆ ಸಾರ್," ಎಂದುಬಿಟ್ಟಳು. ಆಮೇಲೆ ಏಳು ದಿನ ಕೂತು, ಸರಿಯಾಗಿ ನಡೆಯುತ್ತಿದ್ದ ಸೈಟನ್ನು ಬದಿಗಿಟ್ಟು, ಎಲ್ಲವನ್ನೂ ಮೊದಲಿಂದ ಕಟ್ಟಿದಳು. ಒಂದು ವಿಡಿಯೊ ಇದು ಬೇಕೇ ಬೇಕು ಎಂದರೆ ಇನ್ನೊಂದು ಅದು ಆಗಲೇ ಹಳತಾಯಿತು ಎನ್ನುತ್ತಿತ್ತು. ರಿಯಾಕ್ಟಿನ ಬೆನ್ನಿಗೆ ಅಂಥವೇ ಇನ್ನೂ ನಾಲ್ಕು ಬಂದವು. ಅವುಗಳಲ್ಲಿ ಎರಡು ಯಾಕಿವೆಯೆಂದು ಅವಳಿಗೇ ತಿಳಿಯದು. ತೆಗೆದರೆ ಸೈಟು ನಿಂತುಹೋಗುತ್ತಿತ್ತು. ಇವೆಲ್ಲ ಮೊದಲು ನೋಡುವವರ ಫೋನಿಗೆ ಇಳಿದು, ಪುಟ ಅಲ್ಲೇ ತಯಾರಾಗಬೇಕಿತ್ತು.

"ಐತೆ ಅಂತ ಹೇಳಿಬಿಟ್ಟಿದೀನಲ್ಲೇ."

"ಈಗ ಇಲ್ಲ ಅನ್ನು. ರಿಯಾಕ್ಟ್ ಇಲ್ಲ, ಆದ್ರೆ ನಡೀತೈತೆ ಅನ್ನು."

"ಅವ್ವ ಸಂಘದ ಸಭೇಲಿ ಅಷ್ಟು ಜನ ಗಂಡಸ್ರ ಮುಂದೆ ಎದ್ದು ನಿಂತು, ನನ್ ಮಗಳೇ ಮಾಡ್ತಾಳೆ, ಪರಸ್ಥಳದೋರು ಯಾಕೆ ಅಂದಿದಾಳೆ. ಮಗಳಿಗೆ ಇದು ಬರಲ್ಲ ಅಂದ್ರೆ ಯಾರ ಮಾನ ಹೋಗೋದು?"

ತಳಕು ಬಂತು. ಶ್ರುತಿ ಬಾಗಿಲ ಕಂಬಿ ಹಿಡಿದು ತಿರುಗಿದಳು. "ಹೊಸದನ್ನ ಎಲ್ಲೆಲ್ಲಿ ತೆರೆದು ನೋಡಿದೀಯ? ನಿನ್ ಲ್ಯಾಪ್‌ಟಾಪಲ್ಲಿ ಅಷ್ಟೇ ತಾನೇ?"

"ಇಳೀರಿ ಮೇಡಂ, ಕ್ಲಾಸ್ ಶಾಲೇಲಿ ಮಾಡ್ರಿ," ಎಂದ ಕಂಡಕ್ಟರ್.

ಬಸ್ಸು ಹೊರಟಿತು. ಸಿಗ್ನಲ್ ಎರಡು ಕಡ್ಡಿಗೆ ಇಳಿಯಿತು. ದಿವ್ಯಶ್ರೀ ಬೆವೆತ ಬೆರಳನ್ನು ಚೂಡಿದಾರಿಗೆ ಒರೆಸಿ ಹೊಸದನ್ನು ಏರಿಸಿದಳು. ಏರಿತೆಂಬ ಹಸಿರು ಗುರುತು ಬಿತ್ತು. ಅದರ ಹಿಂದೆಯೇ ನೆಟ್ ಹೋಯಿತು.

ಸಂಘದ ಕೋಣೆಯದು ದಪ್ಪ ಕಲ್ಲಿನ ಗೋಡೆ. ಅಧ್ಯಕ್ಷ ಪೆದ್ದಣ್ಣ ಅದಕ್ಕೆ ಒರಗಿ ಕೂತಿದ್ದರು, ಪಕ್ಕದಲ್ಲಿ ಸಾಯಿಕುಮಾರ್. ಬಾಗಿಲ ಹತ್ತಿರ ದಿವ್ಯಶ್ರೀಯ ಅವ್ವ ಬೊಮ್ಮಕ್ಕ. ಲಾಳಿಯೊಳಗೆ ಕೂರುವ ಕಂಡಿಕೆ ಎಂಬ ಪುಟ್ಟ ಕೊಳವೆಗೆ ನೂಲು ಸುತ್ತುತ್ತಿದ್ದ ರಾಟೆಯನ್ನು ಬಿಟ್ಟು ಹಾಗೇ ಎದ್ದು ಬಂದಿದ್ದಳು. ಮೊಣಕೈಗೆ ಕೆಂಪು ರೇಷ್ಮೆಯ ಎಳೆ ಅಂಟಿಕೊಂಡಿತ್ತು.

ದಿವ್ಯಶ್ರೀ ಲ್ಯಾಪ್‌ಟಾಪ್ ತೆರೆಯಲು ಹೋದಾಗ ಪೆದ್ದಣ್ಣ ತಮ್ಮ ಫೋನನ್ನು ಮುಂದೆ ತಳ್ಳಿದರು. "ಇದ್ರಾಗೇ ತೋರ್ಸು. ಸೀರೆ ಕೊಳ್ಳೋರು ನಿನ್ ಲ್ಯಾಪ್‌ಟಾಪ್ ಹೊತ್ಕೊಂಡು ತಿರುಗ್ತಾರೇನು?"

ಗಾಜು ಬಿರುಕುಬಿಟ್ಟ ಹಳೆ ಫೋನು. ಸಿಗ್ನಲ್ ಒಂದು ಕಡ್ಡಿ. ಅವಳು ವಿಳಾಸ ಒತ್ತಿದಳು. ಪರದೆ ಬೆಳ್ಳಗಾಯಿತು. ನಡುವೆ ಒಂದು ಚಿಕ್ಕ ಚಕ್ರ ತಿರುಗತೊಡಗಿತು.

"ಈಗ ಬರ್ತೈತೆ ಮಾವ."

ಬರಲಿಲ್ಲ. ಸಾಯಿಕುಮಾರ್ ಕತ್ತು ಚಾಚಿದರು. "ರಿಯಾಕ್ಟ್ ಹಾಕಿದೀಯಲ್ಲಮ್ಮ?"

"ಹಾಕಿದೀನಿ ಸಾರ್."

"ಎಲ್ಲಿ?"

"ಇದೇ ಸಾರ್... ಬರ್ತಾ ಐತೆ."

ಪೆದ್ದಣ್ಣ ಫೋನನ್ನು ಕಿಟಕಿಗೆ ಹಿಡಿದರು, ಬಾಗಿಲಿಗೆ ಹಿಡಿದರು, ಮತ್ತೆ ಮೇಜಿನ ಮೇಲಿಟ್ಟರು. ಚಕ್ರ ತಿರುಗುತ್ತಿತ್ತು. ಹಳೆಯ ಸೈಟು ಲ್ಯಾಪ್‌ಟಾಪಿನೊಳಗೆ ಹಾಗೇ ಇತ್ತು. ಏರಿಸಲು ನೆಟ್ ಬೇಕಿತ್ತು. ದಿವ್ಯಶ್ರೀ ಅವ್ವನ ಕಡೆ ನೋಡಲಿಲ್ಲ. ಸಾಯಿಕುಮಾರ್ ಮೇಜಿನ ಖಾನೆ ಎಳೆದು, ದುರ್ಗದ ಕಂಪನಿಯ ಪತ್ರವನ್ನು ತೆಗೆದು, ಮಡಿಕೆ ಬಿಡಿಸತೊಡಗಿದರು.

ಆಗ ಬೊಮ್ಮಕ್ಕ ಮೇಜಿನ ಹತ್ತಿರ ಬಂದು ಬಗ್ಗಿದಳು. "ಏಮಯಿಂದೇ?" ಎಂದು ಮನೆಯ ತೆಲುಗಿನಲ್ಲಿ, ಏನಾಯಿತೆಂದು ಮಗಳಿಗಷ್ಟೇ ಕೇಳುವಂತೆ ಕೇಳಿದಳು. ಮಗಳು ಫೋನನ್ನು ಅವಳ ಕಡೆ ತಿರುಗಿಸಿದಳು. ಬೊಮ್ಮಕ್ಕ ಫೋನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, ತನಗೆ ಗೊತ್ತಿರುವ ಕೆಲಸದ ಬಗ್ಗೆ ಹೇಳುವ ದನಿಯಲ್ಲಿ ಹೇಳಿದಳು:

"ಬರೀ ರಾಟೆ ತಿರುಗ್ತೈತೆ. ಕಂಡಿಕೆಗೆ ನೂಲು ಹತ್ತಿಲ್ಲ. ಎಲ್ಲೋ ಎಳೆ ಹರಿದೈತೆ."

ಎಳೆ ಹರಿದಾಗ ರಾಟೆಯನ್ನು ತಡೆಯುವ ಹಾಗೆ, ಅವಳು ತೋರುಬೆರಳನ್ನು ಪರದೆಯ ಮೇಲೆ ಒತ್ತಿ ಹಿಡಿದಳು. ಬೆರಳ ಕೆಳಗೂ ಚಕ್ರ ತಿರುಗುತ್ತಲೇ ಇತ್ತು.