ಹಲ್ಲಿನ ಗುರುತು

ಹೊಸ ಪಟ್ಟಿಗೆ ಹಳೆಯ ಕೊಕ್ಕೆಯೇ ಬೇಕಿತ್ತು. ಅದನ್ನು ಬಿಡಿಸಲು ಚರ್ಮದ ಕೆಲಸದವಳು, ಅವನು ತಂದಿದ್ದ ಅಪ್ಪನ ಕ್ಯಾಮೆರಾದ ಹಳೆಯ ಪಟ್ಟಿಯ ಮೇಲೆ ಚಾಕು ಇಟ್ಟಳು. ಇಟ್ಟವಳು ಕೈ ತಡೆದಳು.

“ನಿಮ್ಮಪ್ಪ ನಿಮ್ಮನ್ನ ಎತ್ಕೊಂಡೇ ಫೋಟೋ ತೆಗೀತಿದ್ರು ಅನ್ಸುತ್ತೆ. ನೋಡಿ, ಹೇಗೆ ಕಚ್ಚಿದ್ದೀರಿ. ಆಗಿನ್ನೂ ಎರಡೇ ಹಲ್ಲು.”

ಅವನು ಬಗ್ಗಿ ನೋಡಿ, ಆ ಗುರುತಿನ ಮೇಲೆ ಹೆಬ್ಬೆರಳಿಟ್ಟ. “ನಾನಲ್ಲ. ಅನಾಥಾಲಯದಿಂದ ಅವರು ನನ್ನ ಕರ್ಕೊಂಡು ಬಂದಾಗ ನಂಗೆ ಎಂಟು ವರ್ಷ. ಮನೇಲಿ ಬೇರೆ ಮಕ್ಕಳಿರಲಿಲ್ಲ.”

ಅಪ್ಪ ಈ ಕ್ಯಾಮೆರಾವನ್ನು ಬೀರುವಿನಿಂದ ಹೊರತೆಗೆದದ್ದನ್ನು ಅವನು ಕಂಡೇ ಇರಲಿಲ್ಲ. ಅವನದೊಂದು ಫೋಟೋ ಕೂಡ ಆ ಮನೆಯಲ್ಲಿರಲಿಲ್ಲ. ಸಾಕಿದ ಮಗನಿಗೆ ಇಷ್ಟೇ ಎಂದುಕೊಂಡು ಬೆಳೆದಿದ್ದ. ಈಗ ಕೇಳೋಣವೆಂದರೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ.

“ಕೊಕ್ಕೆ ತೆಗೆದು ಇದನ್ನ ಬಿಸಾಕ್ಲಾ?”

“ಬೇಡ. ಈ ತುಂಡನ್ನ ಹೊಸದಕ್ಕೆ ಸೇರಿಸಿ ಹೊಲೀರಿ.”

“ಚೆನ್ನಾಗಿ ಕಾಣಲ್ಲ ಕಣ್ರೀ. ಯಾರದ್ದೋ ಎಂಜಲು ಬೇರೆ.”

“ಯಾರದ್ದೋ ಅಲ್ಲ,” ಅವನು ಬೆರಳು ತೆಗೆಯದೆ ಹೇಳಿದ. “ನಮ್ಮಣ್ಣಂದು ಇರ್ಬೇಕು. ಇಲ್ಲಾ ಅಕ್ಕಂದು.”