ಸೇತುವೆಯ ಈಚೆ ಕಡೆ

“ಹುಟ್ಟಿದ ಸ್ಥಳ?” ವಾರ್ಡ್ ಕಚೇರಿಯ ಕ್ಲರ್ಕ್ ಹುಡುಗಿ ಕೇಳಿದಳು. ಮೊಮ್ಮಗಳ ಜನನ ಪತ್ರ ಮಾಡಿಸಲು ಬಂದಿದ್ದ ನೀರಜ್ಜ ಎದೆಯುಬ್ಬಿಸಿ ತನ್ನೂರಿನ ಹೆಸರು ಹೇಳಿದ.

ಅವಳು ಕಂಪ್ಯೂಟರಿನಲ್ಲಿ ಮೇಲಿಂದ ಕೆಳಗೆ ಹುಡುಕಿದಳು. “ಅಂಥ ಊರೇ ಇಲ್ವಲ್ಲ ಅಜ್ಜ.”

“ನೀನು ಕೂತಿರೋದೇ ಅದರಲ್ಲಿ ಕಣಮ್ಮ.”

ಮೂವತ್ತು ವರ್ಷದ ಹಿಂದೆ ಹೊಳೆಯಾಚೆಯ ನಗರ ಈ ಪುಟ್ಟ ಊರನ್ನು ನುಂಗಿ, ಹದಿನೇಳನೇ ವಾರ್ಡ್ ಎಂದು ಹೆಸರಿಟ್ಟಿತ್ತು. ಆ ಕಾಲಕ್ಕೆ ಊರಿಗೆಲ್ಲ ನಲ್ಲಿ ನೀರು ಬಿಡುತ್ತಿದ್ದವನು ನೀರಜ್ಜ. ಅದೇ ವರ್ಷ ಇಲ್ಲಿಯ ಹೆರಿಗೆ ಆಸ್ಪತ್ರೆಗೆ ಬೀಗ ಬಿತ್ತು. ಅಂದಿನಿಂದ ಬಸುರಿಯರೆಲ್ಲ ಸೇತುವೆ ದಾಟಿ ಹೋಗಿ ಹೆತ್ತು ಬರುತ್ತಿದ್ದರು. ಊರಿನಲ್ಲಿ ಸಾಯುವವರಿದ್ದರು, ಹುಟ್ಟುವವರು ಒಬ್ಬರೂ ಇರಲಿಲ್ಲ. ಹೋದ ವಾರ ಸೊಸೆಗೆ ಆಂಬುಲೆನ್ಸಿನಲ್ಲೇ ಹೆರಿಗೆಯಾಯಿತೆಂದು ಫೋನ್ ಬಂದಾಗ ಮನೆಮಂದಿಯೆಲ್ಲ ಗಾಬರಿಯಾದರೆ, ನೀರಜ್ಜ ಕೇಳಿದ್ದು ಒಂದೇ: “ಸೇತುವೆಯ ಯಾವ ಕಡೆ?”

ಅದಕ್ಕೇ ಈಗ ಆಂಬುಲೆನ್ಸಿನ ಡ್ರೈವರನ್ನೂ ಸಾಕ್ಷಿಗೆ ಎಳೆದು ತಂದಿದ್ದ.

“ಈಚೆ ಕಡೇನೇ ಅನ್ಸುತ್ತೆ,” ಡ್ರೈವರ್ ತಲೆ ಕೆರೆದುಕೊಂಡ. “ಅಳು ಕೇಳಿದಾಗ ಮಾತ್ರ ಗಾಡಿ ನಟ್ಟನಡುವೆ ಇತ್ತು.”

“ಈಚೆಗಾದ್ರೆ ಹದಿನೇಳು, ಆಚೆಗಾದ್ರೆ ನಾಲ್ಕು. ನಡುವೆಗೆ ನಮ್ಮಲ್ಲಿ ನಂಬರಿಲ್ಲ,” ಎಂದಳು ಹುಡುಗಿ.

ಮಗುವನ್ನೆತ್ತಿಕೊಂಡು ಬೆಂಚಿನಲ್ಲಿ ತೂಕಡಿಸುತ್ತಿದ್ದ ಸೊಸೆ ಕಣ್ಣು ಬಿಟ್ಟಳು. ಅವಳು ಆಚೆ ದಡದಲ್ಲಿ ಹುಟ್ಟಿದವಳು. “ತಲೆ ಬಂದಿದ್ದು ಈಚೆ. ಕಾಲು ಬರೋಷ್ಟರಲ್ಲಿ ಆಚೆ ಹೋಗಿದ್ವಿ. ಏನಾದ್ರೂ ಬರ್ಕೊಳ್ಳಿ, ಮನೆಗೆ ಹೋಗ್ಬೇಕು.”

“ತಲೆ ಬಂದ್ಮೇಲೆ ಮುಗೀತಲ್ಲ,” ಎಂದ ನೀರಜ್ಜ. “ಕಾಲು ಎಲ್ಲಿಗೆ ಹೋಗುತ್ತೆ, ಹಿಂದೇನೇ ಬರ್ಬೇಕು.”

ಹುಡುಗಿ ನಗು ತಡೆದುಕೊಂಡು ಹದಿನೇಳು ಒತ್ತಿದಳು. “ಊರಿನ ಹೆಸರನ್ನ ಹತ್ತಿರದ ಗುರುತು ಅನ್ನೋ ಕಡೆ ಹಾಕ್ತೀನಿ ಅಜ್ಜ. ಅಲ್ಲಿ ಅಂಗಡಿ, ಮರ, ಏನು ಬೇಕಾದ್ರೂ ಹಾಕ್ಬಹುದು.”

“ಮರ ಅಂತಲೇ ತಿಳ್ಕೊಂಡು ಹಾಕಮ್ಮ.”

ಅಚ್ಚಾಗಿ ಬಂದ ಬಿಸಿ ಕಾಗದವನ್ನು ನೀರಜ್ಜ ಮಗುವಿನ ಮುಖಕ್ಕೆ ಹಿಡಿದು ಗಟ್ಟಿಯಾಗಿ ಓದಿದ. ಮಗು ಆಕಳಿಸಿತು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ಕೇಳಿಸಿಕೊಂಡರು.

ಹೊರಗೆ ಹೊರಟ ಡ್ರೈವರನ ತೋಳನ್ನು, ಸಾಲಿನ ಕೊನೆಯಲ್ಲಿದ್ದ ಹೆಂಗಸೊಬ್ಬಳು ಮೆಲ್ಲಗೆ ಹಿಡಿದಳು. “ಮುಂದಿನ ತಿಂಗಳು ನನ್ನ ಮಗಳಿಗೆ ದಿನ ತುಂಬುತ್ತೆ. ಸ್ವಲ್ಪ ನಿಧಾನಕ್ಕೆ ಓಡಿಸ್ತೀಯೇನಪ್ಪ?”