ನಿಲ್ಲಿಸದ ಗುಳಿಗೆ

ಎಲ್ಲ ತನಗೇ ಗೊತ್ತು ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ... ಇದನ್ನು ಅವರಿಗೂ ಓದಿ ಹೇಳಿ.

ಹುಬ್ಬಳ್ಳಿಯಲ್ಲಿ ತೋಂಟೇಶನದು ದೊಡ್ಡ ಫರ್ನಿಚರ್ ಅಂಗಡಿ. ಊರಿಗೆಲ್ಲ ಬುದ್ಧಿ ಹೇಳುವ ಆಸಾಮಿ.

ಅವನ ಅಪ್ಪ ಗುರುಪಾದಪ್ಪನ ಎದೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡಿತ್ತು. ಒಡೆದರೆ ಜೀವಕ್ಕೇ ಸಂಚಕಾರ... ಆಪರೇಷನ್ ಆಗಲೇಬೇಕಿತ್ತು.

ಡಾಕ್ಟರ್ ಇಂದುಮತಿ ಕೂರಿಸಿಕೊಂಡು ತಿಳಿಸಿ ಹೇಳಿದರು.

"ನಿಮ್ಮ ತಂದೀದು ಓ ನೆಗೆಟಿವ್, ಸಿಗೂದು ಕಷ್ಟ. ಅದಕ್ಕ ಹೊರಗಿನ ರಕ್ತ ಆದಷ್ಟು ಕಡಿಮಿ ಬೇಕಾಗೂವಂಗ ನೋಡ್ಕೋತೀವಿ. ಆಪರೇಷನ್ ಒಳಗ ಸೋರಿದ ರಕ್ತಾನ ಮಷಿನ್‌ನಾಗ ತೊಳದು ಅವರಿಗೇ ವಾಪಸ್ ಕೊಡ್ತೀವಿ. ಆದ್ರ ರಕ್ತ ತೆಳ್ಳಗ ಮಾಡೂ ಈ ಒಂದು ಗುಳಿಗಿ ಇವತ್ತಿಂದ ಆಪರೇಷನ್ ಮುಗಿಯೂತನಕ ಬಂದ್ ಮಾಡ್ರಿ."

"ರಕ್ತದ್ದೇನ್ ಚಿಂತಿರೀ ಮೇಡಂ? ನಮ್ಮ ಅಂಗಡಿ ಹುಡುಗರನ್ನ ಸಾಲಾಗಿ ನಿಲ್ಲಸ್ತೀನಿ!" ಎಂದು ತೋಂಟೇಶ ನಕ್ಕ.

ಮನೆಗೆ ಬಂದವನ ತಲೆಯಲ್ಲಿ ಹುಳ ಹೊಕ್ಕಿತು. ಹಿಂದೆ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು ಇದೇ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬೇಡಿ ಎಂದಿದ್ದರಲ್ಲ?

ಸಾಲದ್ದಕ್ಕೆ ಫೋನಿಗೆ ಯಾರೋ ಕಳಿಸಿದ ಮೆಸೇಜು... "ಹಾರ್ಟ್ ಗುಳಿಗೆ ನಿಲ್ಲಿಸಿದ, ಮಲಗಿದಲ್ಲೇ ಹೋದ!"

(ಹೌದು, ನೀವೀಗ ಓದುತ್ತಿದ್ದೀರಲ್ಲ, ಇಂಥದ್ದೇ ಒಂದು ಮೆಸೇಜು.)

ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು... ಕೇಳಲಿಲ್ಲ.

ಮರುದಿನ ಮುಂಜಾನೆ ಅಪ್ಪನ ಅಂಗೈಗೆ ಅದೇ ಗುಳಿಗೆ ಹಾಕಿದ.

"ಇದನ್ನ ಬಂದ್ ಮಾಡು ಅಂದಿದ್ರಲ್ಲೋ ಡಾಕ್ಟರು?"

"ನೀ ನುಂಗಪ್ಪ. ನಂಗೊತ್ತೈತಿ."

ಅಪ್ಪ ನುಂಗಿದ. ಮಗನ ಮೇಲಿನ ನಂಬಿಕೆಯಿಂದ ಪ್ರತಿದಿನವೂ ನುಂಗಿದ...

ಆಸ್ಪತ್ರೆಗೆ ಸೇರಿಸುವಾಗ ನರ್ಸ್ ಕೇಳಿದರು, "ಗುಳಿಗಿ ಬಂದ್ ಮಾಡೀರಿ, ಹೌದಲ್ರೀ?"

"ಹೌದು," ಎಂದ ತೋಂಟೇಶ, ಬೇರೆ ಕಡೆ ನೋಡುತ್ತಾ.

ಆಪರೇಷನ್ ದಿನ ಹೊರಗಿನ ಬೆಂಚಿನಲ್ಲಿ ಅವನ ಪಕ್ಕ ಒಬ್ಬ ಮುದುಕಿ ಹಳೇ ಬಟ್ಟೆಯ ಕೌದಿ ಹೊಲಿಯುತ್ತಾ ಕೂತಿದ್ದಳು. ಹೆಸರು ಮಾಬೂಬಿ. ಮೊಮ್ಮಗಳು ತಸ್ಲೀಮಾಳ ಹೃದಯದಲ್ಲಿ ರಂಧ್ರ... ಮರುದಿನವೇ ಆಪರೇಷನ್.

"ನಮ್ಮ ಕೂಸಿಂದೂ ಓ ನೆಗೆಟಿವ್ ಐತ್ರೀ ಯಪ್ಪಾ. ಮೈಯಾಗ ರಕ್ತ ಇರ್ಲಿಲ್ಲ. ಟಾನಿಕ್ ಕೊಟ್ಟು, ಅದರ ಜೋಡಿ ಚಾ ಕುಡಸಬ್ಯಾಡ ಅಂದ್ರು. ಚಾ ಅಂದ್ರ ಪ್ರಾಣ ಅದಕ್ಕ... ಅತ್ತು ರಂಪ ಮಾಡಿದ್ರೂ ಕೊಟ್ಟಿಲ್ಲ ನೋಡ್ರಿ. ಈಗ ರಕ್ತ ಏರೈತಿ!"

ಅವಳ ಮುಖದಲ್ಲಿ ಗೆದ್ದ ಖುಷಿಯಿತ್ತು. ತೋಂಟೇಶನಿಗೆ ಯಾಕೋ ಕೂತಲ್ಲಿ ಕೂರಲಾಗಲಿಲ್ಲ.

ಅಷ್ಟರಲ್ಲಿ ಡಾಕ್ಟರ್ ಇಂದುಮತಿ ಹೊರಗೆ ಬಂದರು.

"ರಕ್ತ ಹೆಪ್ಪುಗಟ್ಟವಲ್ದು. ಮಷಿನ್ ವಾಪಸ್ ಕೊಡೂದು ಸಾಲವಲ್ದು. ಖರೇ ಹೇಳ್ರಿ, ಆ ಗುಳಿಗಿ ಕೊಟ್ಟೀರೇನು?"

"ಇಲ್ರೀ..."

ಡಾಕ್ಟರ್ ತಿರುಗಿ ಹೊರಟರು. ಬಾಗಿಲು ಮುಚ್ಚುವ ಹೊತ್ತಿಗೆ ತೋಂಟೇಶ ಕಿರುಚಿದ.

"ಕೊಟ್ಟೇನ್ರೀ ಮೇಡಂ! ನಿನ್ನಿ ಮುಂಜಾನಿವರೆಗೂ ಕೊಟ್ಟೇನ್ರೀ!"

ಅವರು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತರಿಸಲು ಹೇಳುತ್ತಾ ಒಳಗೆ ಓಡಿದರು.

ಅಂಗಡಿಯ ಹುಡುಗರೆಲ್ಲ ಓಡಿ ಬಂದರು. ಒಬ್ಬನ ರಕ್ತವೂ ಹೊಂದಲಿಲ್ಲ. ತೋಂಟೇಶನದೂ ಅಷ್ಟೇ.

ಬ್ಲಡ್ ಬ್ಯಾಂಕಿನಲ್ಲಿದ್ದ ಓ ನೆಗೆಟಿವ್ ಎಲ್ಲ ಅಪ್ಪನಿಗೇ ಹೋಯಿತು... ತಸ್ಲೀಮಾಳಿಗೆಂದು ತೆಗೆದಿಟ್ಟದ್ದೂ ಸೇರಿ.

ಸಂಜೆ ಹೊತ್ತಿಗೆ ಅಪ್ಪ ಪಾರಾದ. ಮಗುವಿನ ಆಪರೇಷನ್ ಮುಂದಕ್ಕೆ ಹೋಯಿತು.

ಮಾಬೂಬಿ ಅವನ ಕೈ ಹಿಡಿದು, "ನಿಮ್ಮಪ್ಪಾರು ಉಳದ್ರಲ್ರೀ, ಅಷ್ಟ ಸಾಕು," ಎಂದಳು.

ಆ ಮಾತನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ... ಗುಳಿಗೆ, ನರ್ಸಿಗೆ ಹೇಳಿದ ಸುಳ್ಳು, ಎಲ್ಲ.

ಮುದುಕಿ ಕೈ ಬಿಟ್ಟಳು.

"ನಾ ಕೂಸಿನ್ನ ಒಂದು ಗುಟುಕು ಚಾಕ್ಕ ಅಳಿಸೇನಿ..." ಎಂದಷ್ಟೇ ಹೇಳಿ ಕೌದಿ ಮಡಚಿಕೊಂಡು ಎದ್ದು ಹೋದಳು.

ತೋಂಟೇಶ ಆಮೇಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮಗುವಿಗೆ ಓ ನೆಗೆಟಿವ್ ಹುಡುಕುತ್ತಾ ಊರೂರಿಗೆ ಫೋನ್ ಮಾಡಿದ, ಕಂಡಕಂಡವರ ಕೈಕಾಲು ಹಿಡಿದ. ಕೊನೆಗೆ ಗದಗಿನ ಕಾಲೇಜು ಮೇಷ್ಟರೊಬ್ಬರು ಬಂದು ರಕ್ತ ಕೊಟ್ಟರು.

ತಸ್ಲೀಮಾಳ ಆಪರೇಷನ್ ದಿನ ಅವನು ಅದೇ ಬೆಂಚಿನಲ್ಲಿ ಕೂತಿದ್ದ. ಮಾಬೂಬಿ ಆಚೆ ತುದಿಗೆ ಸರಿದು ಕೌದಿ ಹೊಲಿಯುತ್ತಿದ್ದಳು.

ಡಾಕ್ಟರ್ ನಗುತ್ತಾ ಹೊರಗೆ ಬಂದರು.

"ಅಮ್ಮಾ, ಕೂಸು ಆರಾಮ ಐತಿ. ನೀವು ಅದರ ಮೈಯಾಗ ರಕ್ತ ಎಷ್ಟು ಚಲೋ ಮಾಡಿದ್ರಿ ಅಂದ್ರ... ಇಟ್ಟಿದ್ದ ರಕ್ತದ ಬಾಟಲಿ ಮುಟ್ಟಲೇ ಇಲ್ಲ!"

ಮುದುಕಿ ಕಣ್ಣೊರೆಸಿಕೊಂಡಳು. ತೋಂಟೇಶನ ಕಡೆ ಒಮ್ಮೆ ನೋಡಿ ಡಾಕ್ಟರಿಗೆ ಹೇಳಿದಳು...

"ಹಂಗಾದ್ರ ತೆಗದಿಡ್ರಿ. ಇವರ ಅಪ್ಪಾರಿಗೆ ಮತ್ತ ಬೇಕಾದ್ರ ಕೊಡಾಕ ಬರ್ತೈತಿ."

ತೋಂಟೇಶ ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಅಪ್ಪ ಮನೆಗೆ ಬಂದ ಮೇಲೆ ಅವನು ಮತ್ತೆ ಗುಳಿಗೆ ಹಿಡಿದು ನಿಂತ. ಅಪ್ಪ ಏನೂ ಕೇಳದೆ ಅಂಗೈ ಚಾಚಿದ...

"ಕೇಳಪ್ಪಾ," ಎಂದ ತೋಂಟೇಶ. "ಇದ್ಯಾವ ಗುಳಿಗಿ, ಡಾಕ್ಟರು ಏನಂದಾರ ಅಂತ ಒಮ್ಮಿ ನನ್ನ ಕೇಳು."

*

ಅಪ್ಪ ಅಮ್ಮ ನಮ್ಮನ್ನು ಕಣ್ಣು ಮುಚ್ಚಿ ನಂಬುತ್ತಾರೆ. ಅದಕ್ಕೇ ನಾವು ಕಣ್ಣು ತೆರೆದು ಕೇಳಿ ತಿಳಿದುಕೊಳ್ಳಬೇಕು.

ನಿಮ್ಮ ಮನೆಯವರ ಅಂಗೈಗೆ ಇವತ್ತು ನೀವು ಹಾಕಿದ ಗುಳಿಗೆ... ಡಾಕ್ಟರ್ ಹೇಳಿದ್ದೋ, ನಿಮಗೆ ಅನ್ನಿಸಿದ್ದೋ?